ಅರ್ಧ ಕಿಲೋಕ್ಕೆ ಪಾವ್ ಕಿಲೋ ಕೂಡಿದಾಗ

ಅಭ್ಯಾಸ ಬೋಧನೆಗಾಗಿ ನಾನು ಬೆಳಗಾವಿಯಿಂದ ಖಾನಾಪುರದ ಶಾಲೆಯೊಂದಕ್ಕೆ ಹೋಗುತ್ತಿದ್ದೆ. ಆರನೆಯ ತರಗತಿ; ಪಾಠ, ಛೇದಗಳು ಬೇರೆಬೇರೆ ಇರುವ ಭಿನ್ನರಾಶಿಗಳ ಸಂಕಲನ. ಪೂರ್ವಜ್ಞಾನ ಪರೀಕ್ಷೆಗೆಂದು ಕಪ್ಪುಹಲಗೆಯ ಮೇಲೆ 1/2 + 1/4 ಬರೆದೆ. ಹೆಚ್ಚಿನವರ ಉತ್ತರ 2/6. ಮೇಲಿನವನ್ನು ಕೂಡಿ ಮೇಲೆ, ಕೆಳಗಿನವನ್ನು ಕೂಡಿ ಕೆಳಗೆ.

ಹಲಗೆ ಒರೆಸಿ ಅದನ್ನೇ ಬಾಯಿಮಾತಿನಲ್ಲಿ ಕೇಳಿದೆ: "ಸಂತ್ಯಾಗ ಅರ್ಧಾ ಕಿಲೋ ಉಳ್ಳಾಗಡ್ಡಿ ತಗೊಂಡ್ರಿ, ಮತ್ತ ಪಾವ್ ಕಿಲೋ ತಗೊಂಡ್ರಿ. ಎಷ್ಟಾತು?"

"ಪಾಊಣ ಕಿಲೋರೀ ಟೀಚರ್" ಎಂದಳು ಮನೆಯಲ್ಲಿ ಮರಾಠಿ ಆಡುವ ಹುಡುಗಿ. "ಮುಕ್ಕಾಲ ಕಿಲೋ" ಎಂದ ಪಕ್ಕದವನು. ಅಂದರೆ ಲೆಕ್ಕ ಅವರಿಗೆ ಬರುತ್ತಿತ್ತು. ಬರದಿದ್ದುದು ನಮ್ಮ ಬರವಣಿಗೆ. 2/6 ಎಂದರೆ 1/3, ಕೂಡಿದ ಮೇಲೆ ಅರ್ಧಕ್ಕಿಂತ ಕಡಿಮೆ! ಇದನ್ನು ನಾನು ಹೇಳಲಿಲ್ಲ, ಕಾಗದದ ಪಟ್ಟಿ ಮಡಚಿ ಅವರೇ ಕಂಡುಕೊಂಡರು.

ಛೇದ ತುಂಡಿನ ಅಳತೆ ಹೇಳುತ್ತದೆ, ಅಂಶ ತುಂಡುಗಳ ಎಣಿಕೆ ಹೇಳುತ್ತದೆ. ಅಳತೆ ಬೇರೆಯಾದ ತುಂಡುಗಳನ್ನು ಒಟ್ಟಿಗೆ ಎಣಿಸಲಾಗದು. ಅರ್ಧವನ್ನು ಇನ್ನೊಮ್ಮೆ ಮಡಚಿದರೆ ಎರಡು ಪಾವ್, ಅಂದರೆ 1/2 = 2/4. ಆಗ 2/4 + 1/4 = 3/4. ಲ.ಸಾ.ಅ. ಎಂಬ ಹೆಸರು ಇಲ್ಲಿಯವರೆಗೆ ಬೇಕಾಗಲೇ ಇಲ್ಲ. (ನನ್ನ ಪಾಠಯೋಜನೆಯಲ್ಲಿ ಅದು ಮೊದಲ ಸಾಲಿನಲ್ಲೇ ಇತ್ತು.)

ಮರುದಿನ ಎಡವಿದ್ದು ನಾನು. 1/6 + 1/10 ಕೊಟ್ಟಿದ್ದೆ. ಲ.ಸಾ.ಅ. 30; 5/30 + 3/30 = 8/30, ಸಂಕ್ಷೇಪಿಸಿದರೆ 4/15. ಒಬ್ಬ ಹುಡುಗ ಛೇದಗಳನ್ನೇ ಗುಣಿಸಿ, 10/60 + 6/60 = 16/60 ಎಂದು ಬರೆದು ನಿಲ್ಲಿಸಿದ್ದ. ಅವಸರದಲ್ಲಿ ತಪ್ಪು ಗುರುತು ಹಾಕಿ ಮುಂದೆ ಹೋದೆ. ತಿರುಗಿ ಬಂದು ನೋಡಿದರೆ, ಎಲ್ಲವನ್ನೂ ಅಳಿಸಿ 2/16 ಎಂದು ಬರೆದಿದ್ದ. ಸರಿಯಾದ ದಾರಿಯನ್ನು ನಾನೇ ತಪ್ಪೆಂದಿದ್ದೆ. ಆತ ಹಳೆಯ ದಾರಿ ಹಿಡಿದಿದ್ದ.

ಪಕ್ಕದಲ್ಲಿ ಕುಳಿತು ಅವನ 16/60 ಮತ್ತೆ ಬರೆಸಿದೆ. 16 ಮತ್ತು 60ರ ಮ.ಸಾ.ಅ. 4, ಎರಡನ್ನೂ 4ರಿಂದ ಭಾಗಿಸಿದಾಗ 4/15. ಬೆಲೆ ಬದಲಾಗಲಿಲ್ಲ, ತುಂಡು ದೊಡ್ಡದಾಯಿತು, ಎಣಿಕೆ ಕಡಿಮೆಯಾಯಿತು. ಲ.ಸಾ.ಅ. ಹಿಡಿದವರಿಗೂ 8/30 ಬಂದಿತ್ತಲ್ಲ, ಲ.ಸಾ.ಅ. ತೆಗೆದರೆ ಸಂಕ್ಷೇಪಿಸುವ ಕೆಲಸ ಇರುವುದಿಲ್ಲ ಎಂಬ ನಂಬಿಕೆಯೂ ಅಲ್ಲೇ ಹೋಯಿತು. 'ಹೊಡೆದು ಹಾಕು' ಎಂಬ ಮಾತನ್ನು ಮಾತ್ರ ಬಿಟ್ಟಿದ್ದೇನೆ. ಒಬ್ಬಳು 16/60ರಲ್ಲಿ ಮೇಲಿನ 6, ಕೆಳಗಿನ 6 ಹೊಡೆದು 1/0 ಮಾಡಿದ್ದಳು.

ಈಗ ಅಂಥ ಉತ್ತರಕ್ಕೆ ಸರಿ ಗುರುತು ಹಾಕಿ, ಪಕ್ಕದಲ್ಲಿ 'ಇನ್ನೂ ಸಂಕ್ಷೇಪಿಸು' ಎಂದು ಬರೆಯುತ್ತೇನೆ.