ನದಿಯೇ ಹೆದ್ದಾರಿಯಾಗಿದ್ದ ನಾಡು

ಉತ್ತರ ರಷ್ಯಾದ ಸುಖೋನಾ ನದಿ ವಸಂತದಲ್ಲಿ ಕೆಲವು ದಿನ ಹಿಮ್ಮುಖವಾಗಿ ಹರಿಯುತ್ತದೆ. ಹಿಮ ಕರಗಿ ವೊಲೊಗ್ದಾ, ಲೆಝಾ ಉಪನದಿಗಳು ಒಮ್ಮೆಲೇ ಉಕ್ಕಿ ಬರುತ್ತವೆ. ಆ ರಭಸಕ್ಕೆ ಸುಖೋನಾದ ಮೇಲ್ಭಾಗದ ನೀರು ತಾನು ಹೊರಟುಬಂದ ಕುಬೆನ್‌ಸ್ಕೊಯೆ ಸರೋವರದತ್ತಲೇ ತಿರುಗಿಬಿಡುತ್ತದೆ. ನೆರೆ ಇಳಿದ ಮೇಲೆ ಮತ್ತೆ ಮುಂದಕ್ಕೆ ಹರಿದು, ಒಟ್ಟು ಸುಮಾರು 560 ಕಿ.ಮೀ. ಸಾಗಿ, ವೆಲಿಕಿ ಉಸ್ತ್ಯೂಗ್ ಪಟ್ಟಣದ ಬಳಿ ಯೂಗ್ ನದಿಯನ್ನು ಕೂಡಿಕೊಂಡು ಉತ್ತರ ದ್ವಿನಾ ಆಗುತ್ತದೆ. ಅಲ್ಲಿಂದ ಶ್ವೇತ ಸಮುದ್ರದವರೆಗೆ ಒಂದೇ ಜಲದಾರಿ.

ಕಾಡು, ಜೌಗುಗಳಿಂದ ತುಂಬಿದ ಆ ಸೀಮೆಯಲ್ಲಿ ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಜಾರುಬಂಡಿ. ಸರಕು ಸಾಗುತ್ತಿದ್ದುದೇ ಹೀಗೆ. 1553ರಲ್ಲಿ ಇಂಗ್ಲಿಷ್ ನಾವಿಕ ರಿಚರ್ಡ್ ಚಾನ್ಸಲರ್ ದ್ವಿನಾ ಮುಖಜಭೂಮಿಗೆ ಬಂದಿಳಿದ ಮೇಲೆ ಈ ದಾರಿಯ ದೆಸೆ ಖುಲಾಯಿಸಿತು. 1584ರಲ್ಲಿ ಅರ್ಖಾಂಗೆಲ್ಸ್ಕ್ ಬಂದರು ಹುಟ್ಟಿತು. ಸೈಬೀರಿಯಾದ ತುಪ್ಪಳ, ಜೇನುಮೇಣ, ಸೆಣಬು, ಟಾರು ಒಂದು ಕಡೆಯಿಂದ, ಯುರೋಪಿನ ಬಟ್ಟೆ, ಲೋಹ ಇನ್ನೊಂದು ಕಡೆಯಿಂದ ಈ ನೀರಿನ ಮೇಲೆ ಹಾದುಹೋದವು. ವೊಲೊಗ್ದಾ, ತೊತ್ಮಾ, ಉಸ್ತ್ಯೂಗ್, ಸೊಲ್ವಿಚೆಗೊದ್ಸ್ಕ್ ಪಟ್ಟಣಗಳು ಬೆಳೆದದ್ದು ಹೀಗೆ.

ಇಲ್ಲಿನ ಮಠಗಳನ್ನು ಬರೀ ಪ್ರಾರ್ಥನೆಯ ತಾಣಗಳೆಂದು ನೋಡಿದರೆ ಅರ್ಧ ಚಿತ್ರವೂ ಸಿಗುವುದಿಲ್ಲ. ಅವು ಜಮೀನ್ದಾರರು, ಉಪ್ಪಿನ ವ್ಯಾಪಾರಿಗಳು, ಕೋಟೆ, ಸೆರೆಮನೆ, ಗ್ರಂಥಾಲಯ ಎಲ್ಲವೂ ಆಗಿದ್ದವು. 1397ರಲ್ಲಿ ಕಿರಿಲ್ ಎಂಬ ಸನ್ಯಾಸಿ ಮಾಸ್ಕೋ ಬಿಟ್ಟು ಸಿವೆರ್‌ಸ್ಕೊಯೆ ಸರೋವರದ ದಂಡೆಯಲ್ಲಿ ನೆಲದೊಳಗೆ ಗುಹೆ ತೋಡಿಕೊಂಡು ಕೂತ. ಅದೇ ಜಾಗದಲ್ಲಿ ಬೆಳೆದ ಕಿರಿಲ್ಲೊ-ಬೆಲೊಜೆರ್‌ಸ್ಕಿ ಮಠಕ್ಕೆ 17ನೇ ಶತಮಾನದಲ್ಲಿ ಮೂರು ಅಂತಸ್ತಿನ ಕೋಟೆಗೋಡೆ ಎದ್ದಿತು. ಎತ್ತರ ಸುಮಾರು 11 ಮೀಟರ್, ದಪ್ಪ 7 ಮೀಟರ್. ತ್ಸಾರ್‌ನ ಅವಕೃಪೆಗೆ ಗುರಿಯಾದ ಶ್ರೀಮಂತರನ್ನು ತಲೆ ಬೋಳಿಸಿ ಇಲ್ಲಿಗೆ ಅಟ್ಟುತ್ತಿದ್ದರು. ಅವರು ಇಲ್ಲಿಯೂ ಸುಖವಾಗಿಯೇ ಉಂಡುಟ್ಟು ಇದ್ದಾರೆಂಬ ಸುದ್ದಿ ತಿಳಿದ ‘ಭಯಂಕರ’ ಇವಾನ್ 1573ರಲ್ಲಿ ಮಠದ ಮುಖ್ಯಸ್ಥರಿಗೆ ಉದ್ದನೆಯ ಪತ್ರ ಬರೆದು ಜಾಡಿಸಿದ. ಮಠದ ಒಳಬದುಕಿನ ಬಗ್ಗೆ ಇಷ್ಟು ನೇರವಾಗಿ ಮಾತಾಡುವ ದಾಖಲೆಗಳು ಕಡಿಮೆ.

ಕನ್ನಡಿಗರಿಗೆ ಈ ಮಠದೊಳಗೆ ಇನ್ನೊಂದು ಕುತೂಹಲವಿದೆ. 15ನೇ ಶತಮಾನದ ಕೊನೆಯ ದಶಕಗಳಲ್ಲಿ ಎಫ್ರೊಸಿನ್ ಎಂಬ ಸನ್ಯಾಸಿ ಇಲ್ಲಿ ಕೂತು, ಕೈಗೆ ಸಿಕ್ಕ ಕಥೆ, ಚರಿತ್ರೆ, ಲೌಕಿಕ ಸಂಗತಿಗಳನ್ನೆಲ್ಲ ತನ್ನ ಪುಸ್ತಕಗಳಿಗೆ ನಕಲು ಮಾಡುತ್ತಿದ್ದ. ಅವುಗಳಲ್ಲಿ ಅದ್ಭುತಗಳೇ ತುಂಬಿದ ‘ಭಾರತ ರಾಜ್ಯ’ದ ಕಥೆಯಿದೆ, ನಿಷ್ಪಾಪಿಗಳಾಗಿ ಬದುಕುವ ‘ರಖ್ಮಾನ’ರ, ಅಂದರೆ ಬ್ರಾಹ್ಮಣರ, ವರ್ಣನೆಯಿದೆ. ಎಫ್ರೊಸಿನ್ ಕಾಗದದ ಮೇಲೆ ಈ ಭಾರತವನ್ನು ಇಳಿಸುತ್ತಿದ್ದ ಕಾಲಕ್ಕೆ ಸ್ವಲ್ಪ ಮುಂಚೆಯಷ್ಟೇ, ವೋಲ್ಗಾ ದಂಡೆಯ ತ್ವೆರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ನಮ್ಮ ಬೀದರಿನ ಬೀದಿಗಳಲ್ಲಿ ಓಡಾಡಿ, ಬಹಮನಿ ಸುಲ್ತಾನನ ಮೆರವಣಿಗೆ ಕಂಡು, ಕುದುರೆಯೊಂದನ್ನು ಮಾರಿ, ಎಲ್ಲವನ್ನೂ ಬರೆದಿಟ್ಟಿದ್ದ. ಕಂಡ ಭಾರತವೂ ಕಲ್ಪನೆಯ ಭಾರತವೂ ಒಂದೇ ತಲೆಮಾರಿನಲ್ಲಿ ರಷ್ಯನ್ ಭಾಷೆಯ ಹಸ್ತಪ್ರತಿಗಳಲ್ಲಿ ಸೇರಿದ್ದು ಹೀಗೆ.

ಕಿರಿಲ್‌ನ ಮಠದಿಂದ ಸುಮಾರು 20 ಕಿ.ಮೀ. ದೂರದಲ್ಲಿ ಫೆರಾಪೊಂತೊವ್ ಮಠ. ನನ್ನ ಮಟ್ಟಿಗೆ ಇಡೀ ಸೀಮೆಯಲ್ಲಿ ಒಂದನ್ನೇ ನೋಡಬೇಕೆಂದರೆ ಅದು ಇದೇ. ಕಿರಿಲ್‌ನ ಜೊತೆಗಾರ ಫೆರಾಪೊಂತ್ 1398ರಲ್ಲಿ ಕಟ್ಟಿದ ಈ ಪುಟ್ಟ ಮಠದ ಚರ್ಚಿಗೆ 1502ರಲ್ಲಿ ದಿಯೊನಿಸಿ ಎಂಬ ಚಿತ್ರಕಾರ ಗಂಡುಮಕ್ಕಳ ಜೊತೆ ಬಂದ. ಉತ್ತರದ ಬಾಗಿಲ ಮೇಲಿನ ಬರಹ ಕೆಲಸ ಆಗಸ್ಟ್ 6ಕ್ಕೆ ಶುರುವಾಗಿ ಸೆಪ್ಟೆಂಬರ್ 8ಕ್ಕೆ ಮುಗಿಯಿತು ಎನ್ನುತ್ತದೆ. ಅದನ್ನು ಒಂದೇ ಬೇಸಿಗೆಯ ಲೆಕ್ಕವೆಂದು ಓದಿದರೆ ಗೋಡೆ, ಕಂಬ, ಕಮಾನುಗಳ ನೂರಾರು ಚದರ ಮೀಟರ್ ಚಿತ್ರ ಮೂವತ್ತನಾಲ್ಕು ದಿನದ್ದು. ಹಸಿ ಗಾರೆಯ ಮೇಲೆ ಬಣ್ಣ ಕೂರಬೇಕಾದ್ದರಿಂದ ಕೈ ನಿಧಾನಿಸುವಂತಿರಲಿಲ್ಲ. ತಿಳಿನೀಲಿ, ಗುಲಾಬಿ, ಮಾಸಲು ಹಸಿರು, ಕಾವಿ. ಗಾಢವಾದದ್ದು ಯಾವುದೂ ಮುನ್ನುಗ್ಗುವುದಿಲ್ಲ. ಉದ್ದನೆಯ, ತೆಳ್ಳಗಿನ ಆಕೃತಿಗಳು ನೆಲ ಮುಟ್ಟದೆ ನಿಂತಂತೆ ಕಾಣುತ್ತವೆ. ಮರಿಯಮ್ಮನನ್ನು ಸ್ತುತಿಸುವ ಪ್ರಾಚೀನ ಸ್ತೋತ್ರದ ಒಂದೊಂದು ಪದ್ಯಕ್ಕೂ ಇಲ್ಲಿ ಒಂದೊಂದು ಚಿತ್ರ.

ಇವು ಉಳಿದದ್ದಕ್ಕೆ ಮಠದ ಬಡತನವೂ ಕಾರಣ. 1764ರಲ್ಲಿ ಎರಡನೆಯ ಕ್ಯಾಥರೀನ್ ಮಠಗಳ ಜಮೀನು ವಶಪಡಿಸಿಕೊಂಡಳು. 1798ರಲ್ಲಿ ಫೆರಾಪೊಂತೊವ್ ಮುಚ್ಚಿತು, ಚರ್ಚು ಊರಿನದಾಯಿತು. ಹಣವಿದ್ದ ಎಷ್ಟೋ ಕಡೆ ಹಳೆಯ ಚಿತ್ರಗಳ ಮೇಲೆ ಹೊಸ ಬಣ್ಣ ಬಳಿದರು. ಇಲ್ಲಿ ಬಹುಪಾಲು ದಿಯೊನಿಸಿಯ ಕೈಯದೇ ಉಳಿಯಿತು. 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಇನ್ನು ತೊತ್ಮಾ. ಆ ಊರು ಮೊದಲು ಬದುಕಿದ್ದು ಉಪ್ಪಿನಿಂದ. ಟೊಳ್ಳು ಮಾಡಿದ ಮರದ ದಿಮ್ಮಿಗಳನ್ನು ಕೊಳವೆಯಂತೆ ನೆಲಕ್ಕಿಳಿಸಿ, ಆಳದಿಂದ ಉಪ್ಪುನೀರೆತ್ತಿ, ಕಬ್ಬಿಣದ ದೊಡ್ಡ ಬಾಣಲೆಗಳಲ್ಲಿ ಕುದಿಸಿ ಬತ್ತಿಸುತ್ತಿದ್ದರು. 1554ರಲ್ಲಿ ಹುಟ್ಟಿದ ಸ್ಪಾಸೊ-ಸುಮೊರಿನ್ ಮಠವೂ ಉಪ್ಪು ಬೇಯಿಸುತ್ತಿತ್ತು. 1703ರಲ್ಲಿ ಪೀಟರ್ಸ್‌ಬರ್ಗ್ ಕಟ್ಟಿದ ಪೀಟರ್ ದೊರೆ ವಿದೇಶಿ ವ್ಯಾಪಾರವನ್ನು ಅತ್ತ ತಿರುಗಿಸಿದಾಗ ದ್ವಿನಾ ದಾರಿ ಸೊರಗಿತು. ತೊತ್ಮಾದ ವರ್ತಕರು ಕೈಕಟ್ಟಿ ಕೂರಲಿಲ್ಲ. ಸೈಬೀರಿಯಾ ದಾಟಿ, ಪೆಸಿಫಿಕ್ ಸಾಗರದ ಅಲ್ಯೂಷಿಯನ್ ದ್ವೀಪಗಳವರೆಗೆ ಹೋಗಿ ತುಪ್ಪಳ ತಂದರು. 1780ರಲ್ಲಿ ಪಟ್ಟಣಕ್ಕೆ ಸಿಕ್ಕ ಲಾಂಛನದಲ್ಲಿ ಕಪ್ಪು ನರಿಯಿದೆ.

ಆ ಹಣದಿಂದೆದ್ದ ಚರ್ಚುಗಳು ರಷ್ಯಾದ ಬೇರೆಲ್ಲೂ ಕಾಣಸಿಗದ ರೀತಿಯವು. ಕಿರಿದಾದ ಒಡಲು, ಎತ್ತರದ ಗೋಪುರ; ದಂಡೆಗೆ ಬಂದು ನಿಂತ ಹಾಯಿಹಡಗಿನಂತೆ ಕಾಣುತ್ತವೆ. ಹತ್ತಿರ ಹೋದರೆ ಗೋಡೆಯ ಮೇಲೆ ಇಟ್ಟಿಗೆಯಲ್ಲೇ ಉಬ್ಬಿಸಿದ ಸುರುಳಿ ಸುರುಳಿ ಚೌಕಟ್ಟುಗಳು, ಹಳೆಯ ಕಡಲ ನಕ್ಷೆಗಳ ಮೂಲೆಯಲ್ಲಿರುವ ಅಲಂಕಾರದ ಹಾಗೆ. ಚೌಕಟ್ಟಿನ ನಡುವೆ ಏನೂ ಇಲ್ಲ, ಬರೀ ಗೋಡೆ. ಆ ಸೊಬಗಿನ ಹಿಂದೆ ಅಲ್ಯೂಷಿಯನ್ ದ್ವೀಪಗಳ ಅಲ್ಯೂಟ್ ಜನ ತೆತ್ತ ಬೆಲೆಯೂ ಇದೆ. ರಷ್ಯನ್ ತುಪ್ಪಳ ವ್ಯಾಪಾರಿಗಳು ಅವರಿಂದ ಬಲವಂತವಾಗಿ ಬೇಟೆಯಾಡಿಸಿದರು. ದೌರ್ಜನ್ಯ ಮತ್ತು ರೋಗಗಳಿಂದ ಅವರ ಸಂಖ್ಯೆ ಕುಸಿಯಿತು. ಇದನ್ನು ಹೇಳದೆ ತೊತ್ಮಾದ ಕಥೆ ಹೇಳಬಾರದು. ಇದೇ ಊರಿನ ಇವಾನ್ ಕುಸ್ಕೊವ್ 1812ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫೋರ್ಟ್ ರಾಸ್ ಕಟ್ಟಿದ. 1823ರಲ್ಲಿ ಊರಿಗೆ ಮರಳಿ, ಆ ವರ್ಷವೇ ತೀರಿಕೊಂಡ.

ಸೋವಿಯತ್ ಕಾಲ ಈ ಮಠಗಳನ್ನು ಒಂದೇ ರೀತಿ ನಡೆಸಿಕೊಳ್ಳಲಿಲ್ಲ. ಕಿರಿಲ್ಲೊ-ಬೆಲೊಜೆರ್‌ಸ್ಕಿ ಮಠ ವಸ್ತುಸಂಗ್ರಹಾಲಯವಾಗಿ ಉಳಿಯಿತು. ವೊಲೊಗ್ದಾ ಪಕ್ಕದ ಸ್ಪಾಸೊ-ಪ್ರಿಲುತ್ಸ್ಕಿ ಮಠದಲ್ಲಿ 1930ರ ಹೊತ್ತಿಗೆ ಜಮೀನು ಕಳೆದುಕೊಂಡು ಗಡಿಪಾರಾದ ರೈತ ಕುಟುಂಬಗಳನ್ನು ಕೂಡಿಹಾಕಿದರು. ಕುಬೆನ್‌ಸ್ಕೊಯೆ ಸರೋವರದ ಕಲ್ಲುದ್ವೀಪದಲ್ಲಿದ್ದ 1481ರ ಚರ್ಚನ್ನು ಇಟ್ಟಿಗೆಗಾಗಿ 1937ರಲ್ಲಿ ಸ್ಫೋಟಿಸಿದರು. ಗಂಟೆಗೋಪುರ ಮಾತ್ರ ಉಳಿಯಿತು.

ವೆಲಿಕಿ ಉಸ್ತ್ಯೂಗ್‌ಗೆ ಈಗ ಹೆಚ್ಚಿನವರು ಬರುವುದು ಚಳಿಗಾಲದಲ್ಲಿ, 1990ರ ದಶಕದ ಕೊನೆಗೆ ಅದನ್ನು ಮಕ್ಕಳಿಗೆ ಹೊಸವರ್ಷದ ಉಡುಗೊರೆ ತರುವ ‘ಹಿಮದ ತಾತ’ನ ಊರೆಂದು ಘೋಷಿಸಿದ ಮೇಲೆ. ಮಕ್ಕಳಿರುವವರು ಹಾಗೆಯೇ ಹೋಗಲಿ. ಆದರೆ 1212ರಲ್ಲಿ ಸ್ಥಾಪನೆಯಾದ ಮಿಖಾಯಿಲ್ ಮಠವನ್ನೂ, ಬೆಳ್ಳಿಯ ಮೇಲೆ ಕಪ್ಪು ಗೆರೆಗಳಲ್ಲಿ ಚಿತ್ರ ಮೂಡಿಸುವ ಕುಶಲಕರ್ಮಿಗಳ ಕೆಲಸವನ್ನೂ ನೋಡಲು ಒಂದು ದಿನ ಮೀಸಲಿಡಬೇಕು. ಫೆರಾಪೊಂತೊವ್‌ಗೆ ಮಾತ್ರ ಒಣ ಬೇಸಿಗೆಯೇ ಸರಿ: ತೇವ ಹೆಚ್ಚಾದ ದಿನ ದಿಯೊನಿಸಿಯ ಗೋಡೆಗಳನ್ನು ಕಾಪಾಡಲು ಒಳಗೆ ಬಿಡುವುದಿಲ್ಲ.