ಶೂನ್ಯದಲ್ಲಿ ಬಾಂಬ್ ಬೀಳುತ್ತಾ?

ಸ್ಟಾರ್ ವಾರ್ಸ್ ಸರಣಿಯ ಎಂಟನೇ ಸಿನಿಮಾ ‘ದಿ ಲಾಸ್ಟ್ ಜೆಡೈ’ ಬಂದಿದ್ದು 2017ರ ಡಿಸೆಂಬರ್‌ನಲ್ಲಿ. ಆಗ ನಾವಿನ್ನೂ ಸ್ಕೂಲಲ್ಲಿದ್ವಿ. ಅಭಿಮಾನಿಗಳ ಜಗಳ ಮಾತ್ರ ಇವತ್ತಿಗೂ ಮುಗಿದಿಲ್ಲ. ಮೊನ್ನೆ ಹಾಸ್ಟೆಲ್‌ನಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ ಆರು ಜನ ಕೂತು ಅದನ್ನ ಮತ್ತೆ ನೋಡಿದ್ವಿ. ಸಿನಿಮಾ ಎರಡೂವರೆ ಗಂಟೆ, ಆಮೇಲೆ ವಾದ ಬೆಳಗಿನ ಜಾವದ ತನಕ. ಕೊನೆಗೆ ನಮಗೆ ಅರ್ಥ ಆಗಿದ್ದು ಇಷ್ಟು: ಅಭಿಮಾನಿಗಳ ಸಿಟ್ಟೆಲ್ಲಾ ಒಂದೇ ಥರದ್ದಲ್ಲ.

ಮೊದಲನೇ ದೂರು, ಬಾಂಬ್‌ಗಳದ್ದು. ಆರಂಭದ ಯುದ್ಧದಲ್ಲಿ ಬಾಂಬರ್‌ಗಳು ಶತ್ರು ಹಡಗಿನ ಮೇಲೆ ಬಂದು ಬಾಂಬ್ ಉದುರಿಸುತ್ತವೆ. ತೂಕವೇ ಇಲ್ಲದ ಜಾಗದಲ್ಲಿ ಬಾಂಬ್ ಹೇಗಪ್ಪಾ ಬೀಳುತ್ತೆ ಅಂತ ತುಂಬಾ ಜನ ನಕ್ಕರು. ಆದರೆ ದೃಶ್ಯವನ್ನ ಸರಿಯಾಗಿ ನೋಡಿ. ಪೇಜ್ ಅನ್ನೋ ಹುಡುಗಿ ಏಣಿಗೆ ಒದ್ದಾಗ ಮೇಲಿದ್ದ ರಿಮೋಟ್ ಕೆಳಕ್ಕೆ ಬೀಳುತ್ತೆ. ಅಂದರೆ ಬಾಂಬರ್ ಒಳಗೆ ಕೃತಕ ಗುರುತ್ವ ಇದೆ. ಅದು ಭೂಮಿಯಷ್ಟೇ ಅಂದ್ಕೊಂಡರೆ, 5 ಮೀಟರ್ ಬಿದ್ದ ಬಾಂಬ್‌ಗೆ ಸೆಕೆಂಡಿಗೆ ಸುಮಾರು 10 ಮೀಟರ್ ವೇಗ ಬರುತ್ತೆ. ಹೊರಗೆ ಬಂದ ಮೇಲೆ ಅದನ್ನ ತಡೆಯೋಕೆ ಗಾಳಿ ಕೂಡ ಇಲ್ಲ. ಅದೇ ವೇಗದಲ್ಲಿ ಹೋಗ್ತಾನೇ ಇರುತ್ತೆ. ನ್ಯೂಟನ್‌ನ ಮೊದಲನೇ ನಿಯಮ, ಅಷ್ಟೇ. ಇಲ್ಲಿ ನಕ್ಕವರೇ ತಪ್ಪು.

ಎರಡನೇ ದೂರು, ಹೋಲ್ಡೋದು. ಆಕೆ ಒಬ್ಬಳೇ ಹಡಗಲ್ಲಿ ಉಳಿದು, ಹೈಪರ್‌ಸ್ಪೇಸ್‌ಗೆ ಜಿಗಿಯೋ ವೇಗದಲ್ಲಿ ಅದನ್ನ ಶತ್ರು ಹಡಗಿಗೆ ಗುದ್ದಿಸ್ತಾಳೆ. ಚಲನಶಕ್ತಿ ವೇಗದ ವರ್ಗದ ಜೊತೆ ಏರುತ್ತೆ ಅಂತ ಪಿಯುಸಿಯಲ್ಲೇ ಓದಿದ್ದೀವಿ, ಹಾಗಾಗಿ ಶತ್ರು ಹಡಗು ಸೀಳಿಹೋಗಿದ್ದು ಆಶ್ಚರ್ಯ ಅಲ್ಲ. ಪ್ರಶ್ನೆ ಬೇರೆ. ಇದು ಇಷ್ಟು ಸುಲಭ ಆಗಿದ್ದರೆ, 1977ರ ಮೊದಲ ಸಿನಿಮಾದಲ್ಲಿ ಡೆತ್ ಸ್ಟಾರ್ ಒಡೆಯೋಕೆ ಅಷ್ಟೊಂದು ಪೈಲಟ್‌ಗಳು ಯಾಕೆ ಸಾಯಬೇಕಿತ್ತು? ಖಾಲಿ ಹಡಗಿಗೆ ಒಂದು ಡ್ರಾಯ್ಡ್ ಕೂರಿಸಿ ಕಳಿಸಬಹುದಿತ್ತಲ್ವಾ? ಇಲ್ಲಿ ಮುರಿದಿದ್ದು ಭೌತಶಾಸ್ತ್ರದ ನಿಯಮ ಅಲ್ಲ, ಕಥೆ ತಾನೇ ಹಾಕಿಕೊಂಡ ನಿಯಮ. 2019ರ ಮುಂದಿನ ಸಿನಿಮಾ, ಅದು ಹತ್ತು ಲಕ್ಷಕ್ಕೊಮ್ಮೆ ಕೈಗೂಡೋ ಹೊಡೆತ ಅಂತ ಹೇಳಿ ಜಾರಿಕೊಳ್ತು. ಲ್ಯಾಬ್ ರೆಕಾರ್ಡ್‌ನಲ್ಲಿ ಉತ್ತರ ಬರೆದಾದ ಮೇಲೆ ಮೇಲ್ಗಡೆ ಅಸಂಪ್ಷನ್ ತುರುಕಿದ ಹಾಗೆ! ಈ ದೂರು ನ್ಯಾಯವಾದದ್ದು. ಆದರೂ ಆ ಕ್ಷಣದಲ್ಲಿ ಸದ್ದೆಲ್ಲಾ ನಿಂತುಹೋಗುತ್ತಲ್ಲ, ಆಗ ನಾವು ಆರೂ ಜನ ಗಪ್‌ಚುಪ್.

ಮೂರನೆಯದನ್ನ ದೂರು ಅಂತ ಕರೆಯೋಕೇ ಆಗಲ್ಲ. ಪೇಜ್‌ಳ ತಂಗಿ ರೋಸ್ ಪಾತ್ರ ಮಾಡಿದವರು ಕೆಲ್ಲಿ ಮೇರಿ ಟ್ರಾನ್. ಪಾತ್ರ ಇಷ್ಟ ಆಗದ ಕೆಲವರು ಅವರ ರೂಪ, ಜನಾಂಗ ಹಿಡಿದು ಬೈದರು. 2018ರಲ್ಲಿ ಅವರು ತಮ್ಮ ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನೆಲ್ಲಾ ಅಳಿಸಿಹಾಕಿದರು. ಸ್ಕ್ರಿಪ್ಟ್ ಬರೆದವರು ಅವರಲ್ಲ. ಬರೆದಿದ್ದರೂ ಹಾಗೆ ಬೈಯೋದು ವಿಮರ್ಶೆ ಆಗ್ತಿರಲಿಲ್ಲ.

ಇದನ್ನ ಮಾತಾಡ್ತಿದ್ದಾಗ ನಮ್ಮಲ್ಲೊಬ್ಬ, ಸ್ಕೂಲಲ್ಲಿದ್ದಾಗ ಅಂಥ ಮೀಮ್‌ಗಳನ್ನ ತಾನೂ ಫಾರ್ವರ್ಡ್ ಮಾಡಿದ್ದೆ ಅಂದ. ಯಾರೂ ಅವನನ್ನ ರೇಗಿಸಲಿಲ್ಲ. ನಾವೂ ನೋಡಿ ನಕ್ಕವರೇ.

ಮುಂದಿನ ಸ್ಟಾರ್ ವಾರ್ಸ್ ಬಂದಾಗಲೂ ಜಗಳ ಆಡೋಣ, ಅದಿಲ್ಲದೆ ಮಜಾ ಇಲ್ಲ. ಮೊದಲು ಲೆಕ್ಕ ಸರಿಯಾಗಿ ಮಾಡೋಣ, ಆಮೇಲೆ ಕಥೆಯನ್ನ ಪ್ರಶ್ನೆ ಮಾಡೋಣ. ನಟಿಸಿದವರನ್ನ ಬಿಟ್ಟುಬಿಡೋಣ.