ಶಿಬಿರದಿಂದ ಬಂದ ಆಟ

ಆಫ್ಘಾನಿಸ್ತಾನದ ಆಟವೆಂದೊಡನೆ ಬಹುಕಾಲದವರೆಗೆ ಕಣ್ಣಿಗೆ ಕಟ್ಟುತ್ತಿದ್ದುದು ಬುಜ್‌ಕಶಿ: ದೂಳೆಬ್ಬಿಸಿ ಧಾವಿಸುವ ಕುದುರೆಗಳು, ಜೀನಿನಿಂದ ಬಾಗಿ ಆಡಿನ ಕಳೇಬರಕ್ಕಾಗಿ ಸೆಣಸುವ ಸವಾರರು. ಪೇಟೆಯ ಹುಡುಗರಿಗೆ ಕಾಲ್ಚೆಂಡಾಟವಿತ್ತು. ಕ್ರಿಕೆಟ್ಟಿಗೆ ಮಾತ್ರ ಆ ನೆಲದಲ್ಲಿ ಬೇರಿರಲಿಲ್ಲ. ಭಾರತವನ್ನಾಳಿದ ಆಂಗ್ಲರು ಅಲ್ಲಿ ನೆಲೆನಿಲ್ಲಲಿಲ್ಲ; ಅವರ ಆಟವೂ ನಿಲ್ಲಲಿಲ್ಲ.

ಅದು ಅಲ್ಲಿಗೆ ಬಂದುದು ದುಃಖದ ದಾರಿಯಿಂದ. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ನುಗ್ಗಿದ ಮೇಲೆ ಲಕ್ಷಾಂತರ ಜನ ಗಡಿ ದಾಟಿ ಪಾಕಿಸ್ತಾನವನ್ನು ಸೇರಿದರು. ಪೇಷಾವರದ ಸುತ್ತಣ ನಿರಾಶ್ರಿತರ ಶಿಬಿರಗಳಲ್ಲಿ ಬೆಳೆದ ಬಾಲಕರು ಸ್ಥಳೀಯ ಹುಡುಗರನ್ನು ನೋಡಿ ಬ್ಯಾಟು ಹಿಡಿದರು. 1992ರ ಮಾರ್ಚ್ 25ರಂದು ಇಮ್ರಾನ್ ಖಾನರ ತಂಡ ಮೆಲ್ಬರ್ನಿನಲ್ಲಿ ಇಂಗ್ಲೆಂಡನ್ನು 22 ರನ್ನುಗಳಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದಾಗ ಈ ಗೀಳು ಇಮ್ಮಡಿಸಿತು. ಗೆದ್ದುದು ಆಶ್ರಯವಿತ್ತ ನಾಡಿನ ತಂಡ. ಆದರೆ ಬೀಜ ಬಿದ್ದುದು ಶಿಬಿರದ ಮಣ್ಣಿನಲ್ಲಿ.

ಕಚಾ ಗಢೀ ಶಿಬಿರದ ತಾಜ್ ಮಲಿಕರು ಇಂಥ ಹುಡುಗರನ್ನು ಕೂಡಿಸಿ ತಂಡ ಕಟ್ಟಿದರು. ತಮ್ಮಂದಿರಾದ ಕರೀಮ್ ಸಾದಿಕ್ ಮತ್ತು ಹಸ್ತಿ ಗುಲ್ ಕೂಡ ಅದರಲ್ಲಿದ್ದರು. 2008ರಲ್ಲಿ ಜರ್ಸಿ ದ್ವೀಪದಲ್ಲಿ ವಿಶ್ವ ಕ್ರಿಕೆಟ್ಟಿನ ಐದನೆಯ ದರ್ಜೆಯ ಪಂದ್ಯಾವಳಿಯನ್ನು ಈ ತಂಡ ಗೆದ್ದಿತು. ಆ ಗೆಲುವಿನ ಬೆನ್ನಲ್ಲೇ ತರಬೇತಿಯ ಹೊಣೆ ತಾಜ್ ಮಲಿಕರ ಕೈತಪ್ಪಿತು; ಬಿತ್ತಿದವನೇ ಕೊಯ್ಯಬೇಕೆಂಬ ನಿಯಮ ಆಟದಲ್ಲಿಯೂ ಇಲ್ಲವಷ್ಟೆ! ತಂಡ ಮಾತ್ರ ತಾಂಜಾನಿಯ, ಅರ್ಜೆಂಟೀನಗಳಲ್ಲಿ ಮೆಟ್ಟಲು ಮೆಟ್ಟಲಾಗಿ ಮೇಲೇರಿ, 2010ರಲ್ಲಿ ಟ್ವೆಂಟಿ-20 ವಿಶ್ವಕಪ್ಪಿನ ಅಂಗಳವನ್ನು ಪ್ರವೇಶಿಸಿತು.

ಮೊದಲು ಮೈದಾನ, ಬಳಿಕ ಆಟಗಾರ, ಕೊನೆಗೆ ಗೆಲುವು ಎಂಬುದು ಲೋಕದ ಎಣಿಕೆ. ಇಲ್ಲಿ ಆ ಕ್ರಮ ತಲೆಕೆಳಗಾಯಿತು. ತಾಯ್ನಾಡಿನಲ್ಲಿ ಅಂತಾರಾಷ್ಟ್ರೀಯ ಪಂದ್ಯವಾಡುವ ಭಾಗ್ಯ ಈ ತಂಡಕ್ಕಿರಲಿಲ್ಲ. ಗ್ರೇಟರ್ ನೋಯ್ಡಾ, ಡೆಹರಾಡೂನ್, ಲಖನೌಗಳೇ ಅದರ ಮನೆಯಂಗಳಗಳಾದವು. ಆದರೂ ಪರದೇಶದ ಗೆಲುವುಗಳ ಸುದ್ದಿಯೇ ಊರಿನ ಬಯಲುಗಳನ್ನು ತುಂಬಿಸಿತು. ಪೂರ್ವ ಪ್ರಾಂತಗಳ ಪಖ್ತೂನರದೆಂದು ಹೆಸರಾಗಿದ್ದ ಆಟ ದೇಶದ ಆಟವಾಯಿತು. ನಂಗರ್‌ಹಾರಿನ ರಷೀದ್ ಖಾನರನ್ನು 2017ರಲ್ಲಿ ಹೈದರಾಬಾದಿನ ತಂಡ ನಾಲ್ಕು ಕೋಟಿ ರೂಪಾಯಿಗೆ ಕೊಂಡಾಗ ಅವರಿಗೆ ವಯಸ್ಸು ಹದಿನೆಂಟು. ಖೋಸ್ತ್ ಪ್ರಾಂತದಿಂದ ಮುಜೀಬ್, ನೂರ್ ಅಹಮದ್ ಎಂಬ ಸ್ಪಿನ್ ಬೌಲರುಗಳು ಮುಂದೆ ಅದೇ ಹಾದಿ ಹಿಡಿದರು.

ಆ ವರ್ಷವೇ ದೊರೆತ ಟೆಸ್ಟ್ ಮಾನ್ಯತೆಯ ಮೊದಲ ಪರೀಕ್ಷೆ ನಡೆದುದು ನಮ್ಮ ಬೆಂಗಳೂರಿನಲ್ಲಿ. 2018ರ ಜೂನ್ 14ರಂದು ಆರಂಭವಾದ ಪಂದ್ಯ ಎರಡೇ ದಿನಗಳಲ್ಲಿ ಮುಗಿಯಿತು. ಎರಡನೆಯ ದಿನವೊಂದರಲ್ಲೇ 109 ಮತ್ತು 103 ರನ್ನುಗಳಿಗೆ ಎರಡೆರಡು ಬಾರಿ ಉರುಳಿ, ಇನ್ನಿಂಗ್ಸ್ ಹಾಗೂ 262 ರನ್ನುಗಳಿಂದ ಸೋತವರನ್ನು ನಾಯಕ ಅಜಿಂಕ್ಯ ರಹಾನೆ ಕರೆದು, ಟ್ರೋಫಿಯೊಡನೆ ನಿಲ್ಲಿಸಿಕೊಂಡು ಚಿತ್ರ ತೆಗೆಸಿಕೊಂಡರು. ಒಂಬತ್ತೇ ತಿಂಗಳಲ್ಲಿ, ಡೆಹರಾಡೂನಿನಲ್ಲಿ ಐರ್ಲೆಂಡನ್ನು ಮಣಿಸಿ ಅವರು ಮೊದಲ ಟೆಸ್ಟ್ ವಿಜಯವನ್ನು ಪಡೆದರು. 2023ರಲ್ಲಿ ದೆಹಲಿಯಲ್ಲಿ ವಿಶ್ವವಿಜೇತ ಇಂಗ್ಲೆಂಡ್ ಸೋತಿತು. 2024ರಲ್ಲಿ ಆಸ್ಟ್ರೇಲಿಯವನ್ನು ಸೋಲಿಸಿ ಟ್ವೆಂಟಿ-20 ವಿಶ್ವಕಪ್ಪಿನ ಸೆಮಿಫೈನಲ್ ತಲಪಿದಾಗ ಆಫ್ಘನ್ ನಗರಗಳ ಬೀದಿಗಳು ಜನರಿಂದ ತುಂಬಿಹೋದವು.

ಆ ಬೀದಿಗಳಲ್ಲಿ ಹೆಂಗಸರು ಇರಲಿಲ್ಲವೆಂಬಷ್ಟು ವಿರಳ. 2020ರ ನವೆಂಬರಿನಲ್ಲಿ ಅಲ್ಲಿನ ಕ್ರಿಕೆಟ್ ಮಂಡಳಿ 25 ಮಂದಿ ಆಟಗಾರ್ತಿಯರೊಡನೆ ಕರಾರು ಮಾಡಿಕೊಂಡಿತ್ತು. ಮರುವರ್ಷದ ಆಗಸ್ಟಿನಲ್ಲಿ ತಾಲಿಬಾನರು ಕಾಬೂಲನ್ನು ವಶಪಡಿಸಿಕೊಂಡರು; ಹೆಣ್ಣುಮಕ್ಕಳ ಆಟ ಅಲ್ಲಿಗೆ ನಿಂತಿತು. ಆಟಗಾರ್ತಿಯರಲ್ಲಿ ಹೆಚ್ಚಿನವರು ಆಸ್ಟ್ರೇಲಿಯದಲ್ಲಿ ಆಶ್ರಯ ಪಡೆದರು. ಪುರುಷರ ಒಂದೊಂದು ಗೆಲುವೂ ಆಳುವವರಿಗೆ ಕೀರ್ತಿಯಾಗುತ್ತದೆಂದು ಆಕ್ಷೇಪಿಸುವವರುಂಟು. ಆದರೆ ಶಿಬಿರದ ಮಣ್ಣಿನಿಂದೆದ್ದು ಬಂದ ಆಟಗಾರರನ್ನು ಆಟದಿಂದ ಹೊರಗಿಟ್ಟರೆ ಹೆಣ್ಣುಮಕ್ಕಳ ಕೈಗೆ ಬ್ಯಾಟು ಮರಳಿ ಬಂದೀತೇ?

2025ರ ಜನವರಿ 30ರಂದು ಮೆಲ್ಬರ್ನಿನ ಜಂಕ್ಷನ್ ಓವಲ್ ಮೈದಾನದಲ್ಲಿ ಆ ಆಟಗಾರ್ತಿಯರು ದೇಶ ಬಿಟ್ಟ ಮೇಲೆ ಮೊದಲ ಬಾರಿ ಒಂದೇ ತಂಡವಾಗಿ ಇಳಿದರು. ಅಧಿಕೃತ ಮಾನ್ಯತೆಯಿಲ್ಲದ ಪ್ರದರ್ಶನ ಪಂದ್ಯವದು. ಫಲಕದ ಮೇಲೆ ಅವರಿಗಿದ್ದ ಹೆಸರು, ಆಫ್ಘಾನಿಸ್ತಾನ ಮಹಿಳಾ ಇಲೆವೆನ್.